ಜೀವಶಾಸ್ತ್ರದಲ್ಲಿ ಇಷ್ಟೊಂದು ವಿಭಾಗ ಯಾಕೆ? ಯಾರು ಏನು ಕೆಲಸ ಮಾಡುತ್ತಾರೆ, ಸರಳವಾಗಿ ಹೇಳಿ

ಕಲ್ಪತರು_ಅಮ್ಮ:

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕಾಮರ್ಸ್. ಮಗಳು ಈಗ ಪಿಯುಸಿ, ಪಿಸಿಎಂಬಿ ತಗೊಂಡಿದ್ದಾಳೆ. ಡಾಕ್ಟರ್ ಆಗುವ ಆಸೆ ಇಲ್ಲ, ಆದರೆ ಜೀವಶಾಸ್ತ್ರ ಅಂದರೆ ಪ್ರಾಣ. ಮುಂದೆ ಏನು ಓದಿಸಬಹುದು ಅಂತ ನೋಡಲು ಕೂತರೆ ಝೂವಾಲಜಿ, ಬಾಟನಿ, ಮೈಕ್ರೋಬಯಾಲಜಿ, ಜೆನೆಟಿಕ್ಸ್, ಬಯೋಕೆಮಿಸ್ಟ್ರಿ, ಇಕಾಲಜಿ ಅಂತ ಪಟ್ಟಿ ಮುಗಿಯೋದೇ ಇಲ್ಲ. ನಮ್ಮ ಕಾಲದಲ್ಲಿ ಕೇಳಿದ್ದು ಪ್ರಾಣಿಶಾಸ್ತ್ರ ಒಂದು, ಸಸ್ಯಶಾಸ್ತ್ರ ಒಂದು, ಅಷ್ಟೇ. ಪುಸ್ತಕದ ವ್ಯಾಖ್ಯಾನ ಬೇಡ, ಅದು ಗೂಗಲ್‌ನಲ್ಲೇ ಸಿಗುತ್ತದೆ. ಇವರೆಲ್ಲ ದಿನಾ ಮಾಡುವ ಕೆಲಸ ಏನು, ಒಬ್ಬರದ್ದು ಇನ್ನೊಬ್ಬರದ್ದಕ್ಕಿಂತ ಹೇಗೆ ಬೇರೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಶರಾವತಿ_ಕಣಿವೆ:

ಮೇಡಂ, ಒಂದೊಂದೇ ವಿಭಾಗ ಹಿಡಿದು ವಿವರಿಸೋದಕ್ಕಿಂತ ನಮ್ಮ ಸೀಮೆಯ ಒಂದು ಕಾಯಿಲೆಯ ಕಥೆ ಹೇಳ್ತೀನಿ, ಅದರಲ್ಲಿ ಎಲ್ಲರೂ ಬರ್ತಾರೆ. ಮಂಗನ ಕಾಯಿಲೆ, ಕೆಎಫ್‌ಡಿ ಅಂತಾರಲ್ಲ, ಅದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು. ಅಲ್ಲಿನ ಹಳ್ಳಿಗಳ ಜನರಿಗೂ ಇದ್ದಕ್ಕಿದ್ದಂತೆ ಜೋರು ಜ್ವರ, ತಡೆಯಲಾಗದ ತಲೆನೋವು, ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಪುಣೆಯ ವೈರಸ್ ರಿಸರ್ಚ್ ಸೆಂಟರ್‌ನವರು (ಈಗ ಅದನ್ನು ಎನ್‌ಐವಿ ಅಂತಾರೆ) ಓಡಿ ಬಂದರು. ಮೊದಲು ಹೆದರಿದ್ದು ಹಳದಿ ಜ್ವರಕ್ಕೆ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಹೀಗೇ ಮಂಗಗಳು ಸಾಯುತ್ತವೆ, ಭಾರತಕ್ಕೆ ಅದು ಕಾಲಿಟ್ಟರೆ ಏನು ಗತಿ ಅನ್ನೋ ಆತಂಕ.

ರಕ್ತದ ಮಾದರಿಯಿಂದ ರೋಗಾಣು ಬೇರ್ಪಡಿಸಿ ಗುರುತು ಹಿಡಿಯೋದು ಮೈಕ್ರೋಬಯಾಲಜಿಯವರ ಕೆಲಸ, ಅದರೊಳಗೇ ವೈರಸ್ ಮಾತ್ರ ನೋಡುವವರು ವೈರಾಲಜಿಯವರು. ಅವರು ಹೇಳಿದ್ದು, ಇದು ಹಳದಿ ಜ್ವರ ಅಲ್ಲ, ರಷ್ಯಾದಲ್ಲಿ ಉಣುಗು ಕಚ್ಚಿ ಬರುವ ಒಂದು ಮಿದುಳು ಜ್ವರದ ವೈರಸ್‌ಗೆ ಹತ್ತಿರದ ಹೊಸ ವೈರಸ್ ಅಂತ. ಹಾಗಾದರೆ ಇಲ್ಲೂ ಉಣುಗೇ ಇರಬೇಕು ಅಂತ ಕಾಡಿನಲ್ಲಿ ಹುಡುಕಿದರು. ಸಿಕ್ಕಿತು, ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಜಾತಿ.

ಇಲ್ಲಿಂದ ಪ್ರಾಣಿಶಾಸ್ತ್ರದವರ ಕೆಲಸ, ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ. ಉಣುಗು ಕೀಟ ಅಲ್ಲ, ಜೇಡದ ಬಳಗ. ಮೊಟ್ಟೆಯಿಂದ ಬಂದ ಮರಿಗೆ ಆರೇ ಕಾಲು. ಒಮ್ಮೆ ರಕ್ತ ಕುಡಿದು ಪೊರೆ ಕಳಚಿದರೆ ಎಂಟು ಕಾಲಿನ ಎಳೆ ಉಣುಗು, ಅದಕ್ಕೆ ನಿಂಫ್ ಅಂತಾರೆ. ಮತ್ತೊಮ್ಮೆ ರಕ್ತ ಕುಡಿದರೆ ದೊಡ್ಡ ಉಣುಗು. ದೊಡ್ಡವು ಮಳೆಗಾಲದಲ್ಲಿ ದನಗಳಿಗೆ ಹತ್ತುತ್ತವೆ, ಮಳೆ ಮುಗಿದ ಮೇಲೆ ಮರಿಗಳು ಬರುತ್ತವೆ, ಚಳಿಗಾಲದಿಂದ ಬೇಸಿಗೆವರೆಗೆ ನಿಂಫ್‌ಗಳದ್ದೇ ಕಾಲ. ಮನುಷ್ಯರಿಗೆ ಹೆಚ್ಚಾಗಿ ಕಚ್ಚೋದು ಈ ನಿಂಫ್, ಕಣ್ಣಿಗೇ ಸರಿಯಾಗಿ ಕಾಣದಷ್ಟು ಚಿಕ್ಕದು. ನಮ್ಮಲ್ಲಿ ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರೋದೂ, ಸೌದೆಗೆ ಕಾಡಿಗೆ ಹೋಗೋದೂ ಅದೇ ತಿಂಗಳುಗಳಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆ ಯಾಕೆ ಏರುತ್ತದೆ ಅಂತ ಗೊತ್ತಾಯಿತಲ್ವಾ? ಒಂದು ಪುಟಾಣಿ ಜೀವಿಯ ಬದುಕನ್ನು ತಿಂಗಳು ತಿಂಗಳೂ ಕೂತು ನೋಡಿದವರು ಇಲ್ಲದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಪಿಪೆಟ್_ಹಿಡಿದವಳು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಲ್ಯಾಬ್ ಕಡೆಯಿಂದ ಸೇರಿಸ್ತೀನಿ.

ಜ್ವರ ಬಂದವರ ರಕ್ತ ಶಿವಮೊಗ್ಗದ ಲ್ಯಾಬಿಗೆ ಬಂತು ಅಂದುಕೊಳ್ಳಿ. ಜ್ವರದ ಮೊದಲ ಕೆಲವು ದಿನ ರಕ್ತದಲ್ಲಿ ವೈರಸ್ಸೇ ಓಡಾಡುತ್ತಿರುತ್ತದೆ. ಆಗ ಅದರ ಆರ್‌ಎನ್‌ಎ, ಅಂದರೆ ವೈರಸ್‌ನ ತಳಿ ಮಾಹಿತಿ ಬರೆದಿರುವ ಅಣು, ಹುಡುಕುತ್ತೇವೆ, ಆರ್‌ಟಿ-ಪಿಸಿಆರ್ ಟೆಸ್ಟ್, ಕೊರೋನಾ ಸಮಯದಲ್ಲಿ ಎಲ್ಲರೂ ಕೇಳಿದ್ದೇ. ಇದು ಮಾಲಿಕ್ಯುಲರ್ ಬಯಾಲಜಿ. ದಿನ ಕಳೆದಂತೆ ವೈರಸ್ ಕಡಿಮೆಯಾಗಿ ದೇಹ ಅದರ ವಿರುದ್ಧ ಮಾಡಿಕೊಂಡ ಪ್ರತಿಕಾಯಗಳು ಜಾಸ್ತಿಯಾಗುತ್ತವೆ. ಆಗ ಹುಡುಕೋದು ಐಜಿಎಂ ಪ್ರತಿಕಾಯ, ಎಲೈಸಾ ಟೆಸ್ಟ್. ಇದು ಇಮ್ಯುನಾಲಜಿ. ಅದೇ ರೋಗಿ, ಅದೇ ತೋಳಿನ ರಕ್ತ. ವಾರ ಬದಲಾದರೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ, ಉತ್ತರ ಕೊಡುವ ವಿಭಾಗವೂ ಬದಲಾಗುತ್ತದೆ. ನಿಮ್ಮ ‘ಇಷ್ಟೊಂದು ಯಾಕೆ’ ಅನ್ನೋದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉತ್ತರ ಇದು.

ಜೆನೆಟಿಕ್ಸ್‌ನವರು ಆ ಆರ್‌ಎನ್‌ಎಯ ಅಕ್ಷರಗಳನ್ನು ಸಾಲಾಗಿ ಓದಿ ಹೋಲಿಸುತ್ತಾರೆ, ಸುಮಾರು 11,000 ಅಕ್ಷರ ಇವೆ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್‌ಖುರ್ಮಾ ಅಂತ ಒಂದು ವೈರಸ್ ಸಿಕ್ಕಿತು. ಓದಿ ನೋಡಿದರೆ ಅದು ನಮ್ಮ ಮಲೆನಾಡಿನ ವೈರಸ್‌ನ ತೀರಾ ಹತ್ತಿರದ ನೆಂಟ. ಎಲ್ಲಿಯ ಮರುಭೂಮಿ, ಎಲ್ಲಿಯ ಕ್ಯಾಸನೂರು. ಇವು ಯಾವಾಗ ಬೇರೆಯಾದವು ಅಂತ ಕೇಳಿದರೆ ಅದು ವಿಕಾಸದ ಪ್ರಶ್ನೆ.

ಲಸಿಕೆ ವಿಚಾರ ಬೇಸರದ್ದು. ವೈರಸ್ಸನ್ನು ಫಾರ್ಮಲಿನ್‌ನಲ್ಲಿ ಕೊಂದು ಮಾಡಿದ ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷವರ್ಷ. ಅಷ್ಟಾದರೂ ಪೂರ್ತಿ ರಕ್ಷಣೆ ಸಿಗುತ್ತಿರಲಿಲ್ಲ, ಈಚೆಗೆ ಅದನ್ನು ಕೊಡೋದೇ ನಿಲ್ಲಿಸಿದ್ದಾರೆ. ಖಚಿತ ಔಷಧಿಯೂ ಇಲ್ಲ, ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯುತ್ತಾರೆ. ನಿಮ್ಮ ಮಗಳ ವಯಸ್ಸಿನವರು ಇಮ್ಯುನಾಲಜಿಗೆ ಬರಬೇಕು ಅಂತ ನಾನು ಆಸೆಪಡೋದು ಇದಕ್ಕೇ.

ಹಸಿರೆಲೆ:

ಕಾಡಿನ ಮಾತೇ ಬರಲಿಲ್ಲವಲ್ಲ! ನಾನು ಬಾಟನಿ ಓದಿದವನು, ಸುಮ್ನೆ ಇರಲು ಆಗೋದಿಲ್ಲ.

ಹೋರ್ಹೆ ಬೋಶೆಲ್ ಅಂತ ಕೊಲಂಬಿಯಾದ ವಿಜ್ಞಾನಿ, ಹಳದಿ ಜ್ವರದ ಮೇಲೆ ಕೆಲಸ ಮಾಡಿದ್ದವರು, 1960ರ ದಶಕದಲ್ಲಿ ಈ ಕಾಯಿಲೆಯನ್ನೂ ನೋಡಿದರು. ಅವರು ಕೇಳಿದ್ದು ಕಾಡು ಏನಾಯಿತು ಅಂತ. ಮರ ಕಡಿದು ಗದ್ದೆ, ತೋಟ ಮಾಡಿದಂತೆ ಕಾಡಿನ ಅಂಚು ಹೆಚ್ಚಿತು, ಅಂಚಿನಲ್ಲಿ ಲಂಟಾನ ಪೊದೆ ಎದ್ದಿತು, ದನಗಳು ಅಲ್ಲೇ ಮೇಯತೊಡಗಿದವು. ದನಕ್ಕೆ ಈ ಕಾಯಿಲೆ ಬರೋದಿಲ್ಲ, ಆದರೆ ದೊಡ್ಡ ಉಣುಗಿಗೆ ಬೇಕಾದಷ್ಟು ರಕ್ತ ಕೊಡುತ್ತದೆ, ಹಾಗಾಗಿ ಉಣುಗು ಹೆಚ್ಚುತ್ತದೆ. ಗಿಡ, ದನ, ಉಣುಗು, ಮಂಗ, ಮನುಷ್ಯ ಎಲ್ಲದರ ಸಂಬಂಧ ಒಟ್ಟಿಗೆ ನೋಡೋದೇ ಇಕಾಲಜಿ. ಯಾವ ಗಿಡ ಎಲ್ಲಿ, ಯಾಕೆ ಬೆಳೆಯಿತು ಅಂತ ಹೇಳಲು ಸಸ್ಯಶಾಸ್ತ್ರದವರು ಬೇಕೇ ಬೇಕು. ಬಾಟನಿ ಹಳೇ ಸಬ್ಜೆಕ್ಟು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು. ರಷ್ಯಾದ ನಂಟು ಕೇಳಿ ವಲಸೆ ಹಕ್ಕಿಗಳೇ ಸೈಬೀರಿಯಾದಿಂದ ಇದನ್ನು ತಂದವಾ ಅಂತ ಅನುಮಾನ ಬಂತು. ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿ ಹಿಡಿದು, ಕಾಲಿಗೆ ಬಳೆ ಹಾಕಿ ಬಿಡುವ ದೊಡ್ಡ ಕೆಲಸ ಶುರು ಮಾಡಿದರು. ಹಕ್ಕಿಗಳು ತಂದವು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಆದರೆ ನಮ್ಮ ದೇಶಕ್ಕೆ ಬರುವ ಹಕ್ಕಿಗಳ ದಾರಿ ಬಗ್ಗೆ ತಿಳಿದದ್ದು ಬಹಳ.

ಕಲ್ಪತರು_ಅಮ್ಮ:

ತುಂಬಾ ಧನ್ಯವಾದ. ಮಗಳಿಗೆ ಎಲ್ಲಾ ಓದಿ ಹೇಳಿದೆ, ಉಣುಗಿನ ಕಾಲಿನ ವಿಷಯ ಎರಡು ಸಲ ಓದಿಸಿದಳು. ಈಗಲೇ ಒಂದು ವಿಭಾಗ ಆರಿಸಿಕೊಳ್ಳಬೇಕಾ? ಜೀವಶಾಸ್ತ್ರಕ್ಕೆ ಗಣಿತ ಯಾಕೆ, ಅದನ್ನು ಬಿಟ್ಟರೆ ನಡೆಯುತ್ತಾ ಅಂತ ಬೇರೆ ಕೇಳ್ತಿದ್ದಾಳೆ.

ಪಿಪೆಟ್_ಹಿಡಿದವಳು:

ಈಗಲೇ ಆರಿಸೋದು ಬೇಡ ಮೇಡಂ. ಡಿಗ್ರಿಯಲ್ಲಿ ಎರಡು ಮೂರು ವಿಷಯ ರುಚಿ ನೋಡಲಿ, ಎಂಎಸ್ಸಿಗೆ ಹೋಗುವಾಗ ಒಂದನ್ನು ಹಿಡಿದರೆ ಸಾಕು. ಕಾಡು ಸುತ್ತೋದು ಇಷ್ಟವಾ, ಮೈಕ್ರೋಸ್ಕೋಪ್ ಮುಂದೆ ಕೂರೋದು ಇಷ್ಟವಾ ಅಂತ ಅಷ್ಟರಲ್ಲಿ ಅವಳಿಗೇ ಗೊತ್ತಾಗುತ್ತದೆ.

ಗಣಿತ ಮಾತ್ರ ಬಿಡಿಸಬೇಡಿ. ಮಂಗ ಸತ್ತರೆ ಮೈ ತಣ್ಣಗಾದಂತೆ ಅದರ ಮೇಲಿದ್ದ ಉಣುಗುಗಳು ಕೆಳಗಿಳಿದು ಸುತ್ತಲ ಜಾಗಕ್ಕೆ ಹರಡುತ್ತವೆ. ಅದಕ್ಕೇ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ ಅನ್ನೋದು. ಹಾಗೆ ಬಂದ ಒಂದೊಂದು ಸುದ್ದಿಯನ್ನೂ ನಕ್ಷೆಯಲ್ಲಿ ಗುರುತು ಮಾಡಿ, ಮುಂದೆ ಯಾವ ಹಳ್ಳಿಗೆ ಅಪಾಯ, ಎಲ್ಲಿಗೆ ಮೊದಲು ಉಣುಗು ಓಡಿಸುವ ಎಣ್ಣೆ ಕಳಿಸಬೇಕು ಅಂತ ಲೆಕ್ಕ ಹಾಕುವವರು ಬೇಕು. 2012ರಲ್ಲಿ ಬಂಡೀಪುರದಲ್ಲಿ, ಅದರ ಮರುವರ್ಷ ವಯನಾಡಿನಲ್ಲಿ, ಆಮೇಲೆ ಗೋವಾದಲ್ಲೂ ಈ ಕಾಯಿಲೆ ಕಾಣಿಸಿಕೊಂಡಿದೆ. ಜೀವಶಾಸ್ತ್ರವೂ ಸ್ಟ್ಯಾಟಿಸ್ಟಿಕ್ಸೂ ಎರಡೂ ಗೊತ್ತಿರುವ ಜನ ನಮ್ಮಲ್ಲಿ ಬಹಳ ಕಡಿಮೆ.