ಕಾಕಾ, ಅದು ಲಾವಂಚ ಅಲ್ಲ

ಕಾಕಾ (ಗಂಗಾವತಿ): ಫಾರ್ವರ್ಡ್ ಆಗಿದ್ದು: "ಮನೆ ಮುಂದೆ ಒಂದು ಬುಡ ಲಾವಂಚ ಇದ್ದರೆ ಹಾವು ಸುಳಿಯಲ್ಲ, ಸೊಳ್ಳೆ ಬರಲ್ಲ. ನೀರು ಬೇಡ, ಗೊಬ್ಬರ ಬೇಡ. ಹತ್ತು ಜನರಿಗೆ ಕಳಿಸಿ."

ಕಾಕಾ: (ಫೋಟೊ) ಇದು ನಮ್ಮ ಅಂಗಳದ್ದೇ. ಎರಡು ವರ್ಷದ ಹಿಂದೆ ನರ್ಸರಿಯಿಂದ ಲಾವಂಚ ಅಂತ ತಂದಿದ್ದು. ಬೇಕಾದವರು ಹೇಳಿ, ಬುಡ ಸೀಳಿ ಕೊಡುತ್ತೇನೆ.

ಅತ್ತೆ (ಬಳ್ಳಾರಿ): ಅಣ್ಣ, ನನಗೆ ನಾಲ್ಕು ತೆಗೆದಿಡು. ನಮ್ಮ ಗೇಟಿನ ಹತ್ತಿರ ಬಿಸಿಲಿಗೆ ಏನೂ ಉಳಿಯುತ್ತಿಲ್ಲ. ಗುಲಾಬಿ ಹೋಯಿತು, ಕ್ರೋಟನ್ ಹೋಯಿತು.

ನಾನು: ತಪ್ಪು ತಿಳಿಯಬೇಡಿ ಕಾಕಾ, ಅದು ಲಾವಂಚ ಅಲ್ಲ.

ಕಾಕಾ: ನಲವತ್ತು ವರ್ಷ ಒಕ್ಕಲುತನ ಮಾಡಿದವನಿಗೆ ಹುಲ್ಲು ಗೊತ್ತಿಲ್ಲ ಅಂತೀಯಾ?

ತಮ್ಮ (ರಾಯಚೂರು): ಮಜ್ಜಿಗೆ ಹುಲ್ಲು ಇರಬೇಕು. ಚಹಾಕ್ಕೆ ಹಾಕುತ್ತಾರಲ್ಲ.

ಅತ್ತೆ: ಅದಕ್ಕೆ ತೆನೆ ಎಲ್ಲಿ ನೋಡಿದ್ದೀಯ? ನಮ್ಮ ಹಿತ್ತಲಲ್ಲಿ ಆರು ವರ್ಷದಿಂದ ಇದೆ, ಒಂದು ಸಲವೂ ಹೂ ಬಿಟ್ಟಿಲ್ಲ.

ನಾನು: ಮಜ್ಜಿಗೆ ಹುಲ್ಲಾದರೆ ಎಲೆ ಹಿಸುಕಿದರೆ ಸಾಕು, ನಿಂಬೆ ವಾಸನೆ. ಲಾವಂಚದ ವಾಸನೆ ಎಲೆಯಲ್ಲಿ ಇರಲ್ಲ, ಬೇರಲ್ಲಿ ಇರುತ್ತದೆ. ಕಾಕಾ, ಸುಮ್ನೆ ವಾದ ಬೇಡ, ಪಕ್ಕದಲ್ಲಿ ಅಗೆದು ಒಂದು ಬೇರು ತೊಳೆದು ಮೂಸಿ. ಅಜ್ಜಿ ಬೇಸಿಗೆಯಲ್ಲಿ ನೀರಿನ ಹರವಿಗೆ ಒಂದು ಗಂಟು ಬೇರು ಹಾಕುತ್ತಿದ್ದಳಲ್ಲ, ಆ ವಾಸನೆ ಬರಬೇಕು.

ಕಾಕಾ: ಮಣ್ಣಿನ ವಾಸನೆ ಬರುತ್ತಿದೆ.

ತಮ್ಮ: ಹ್ಹ ಹ್ಹ ಹ್ಹ

ಕಾಕಾ: ನಗಬೇಡ. ಇನ್ನೂ ಎಳೆ ಬೇರು.

ನಾನು: ಎರಡು ವರ್ಷದ ಬುಡಕ್ಕೆ ಎಳೆ ಬೇರಾ? 15-18 ತಿಂಗಳಿಗೇ ಲಾವಂಚದ ಬೇರು ಕಿತ್ತು ಎಣ್ಣೆ ತೆಗೆಯುತ್ತಾರೆ. ತೆನೆಯನ್ನು ಹತ್ತಿರದಿಂದ ತೆಗೆದು ಹಾಕಿ.

ಕಾಕಾ: (ಫೋಟೊ)

ನಾನು: ನೋಡಿ, ಅಳಿಲ ಬಾಲ ಇದ್ದ ಹಾಗಿದೆ. ಗೇಣುದ್ದದ ಒಂದೇ ಕಡ್ಡಿ, ಸುತ್ತಲೂ ತಿಳಿ ಗುಲಾಬಿ ಕೂದಲು, ತುದಿ ಬಾಗಿದೆ. ಲಾವಂಚದ್ದಾದರೆ ನೆಟ್ಟಗೆ ನಿಂತು, ಗೆಣ್ಣಿಗೆ ಒಂದು ಸುತ್ತಿನಂತೆ ಸಣ್ಣ ಸಣ್ಣ ಕಡ್ಡಿ ಒಡೆದಿರುತ್ತದೆ. ಇದು ಫೌಂಟನ್ ಗ್ರಾಸ್. ತೆನೆಯನ್ನು ಬೆರಳಲ್ಲಿ ಹಿಡಿದು ಎಳೆಯಿರಿ, ಕೂದಲ ಸಮೇತ ಕಾಳು ಉದುರಿ ಬರಿ ಕಡ್ಡಿ ಉಳಿಯುತ್ತದೆ. ಆಫ್ರಿಕಾ ಕಡೆಯ ಹುಲ್ಲು, ನಮ್ಮ ಸಜ್ಜೆಗೆ ದಾಯಾದಿ.

ಅತ್ತೆ: ಹೆಸರು ಏನಾದರೇನು? ಚೆಂದ ಇದೆ, ಬಿಸಿಲಿಗೆ ಉಳಿಯುತ್ತದೆ, ಅಷ್ಟು ಸಾಕಲ್ವಾ?

ನಾನು: ಉಳಿಯುತ್ತದೆ, ಅದೇ ತೊಂದರೆ. ಹಸಿರೆಲೆಯದ್ದು ಬೀಜ ಕಟ್ಟುತ್ತದೆ, ಗಾಳಿಗೆ ಹಾರುತ್ತದೆ.

ಕಾಕಾ: ಓ, ಅದಕ್ಕೇ ಕಟ್ಟೆಯ ಸಂದಿಯಲ್ಲೂ ಬಂದಿದೆಯಾ. ನಾನು ಅದೃಷ್ಟ ಅಂದುಕೊಂಡಿದ್ದೆ.

ಅಕ್ಕ (ಕೊಪ್ಪಳ): ಹುಲ್ಲು ತಾನೇ, ಕುರಿ ತಿನ್ನುತ್ತವೆ. ನೀನು ಎಲ್ಲದಕ್ಕೂ ಹೆದರಿಸುತ್ತೀಯ.

ನಾನು: ಬಲಿತ ಮೇಲೆ ಕುರಿ ಅಷ್ಟಾಗಿ ಮುಟ್ಟಲ್ಲ. ಹವಾಯಿ, ಅರಿಜೋನಾ ಕಡೆ ಅಲಂಕಾರಕ್ಕೆ ತಂದು ನೆಟ್ಟಿದ್ದು ಬೆಟ್ಟ ಹತ್ತಿದೆ. ಒಣಗಿ ಬೆಂಕಿ ಹಿಡಿಯುತ್ತದೆ, ಸುಟ್ಟ ಜಾಗದಲ್ಲಿ ಮತ್ತೆ ಅದೇ ಬೇಗ ಚಿಗುರುತ್ತದೆ.

ಅಕ್ಕ: ಹವಾಯಿ ಎಲ್ಲಿ, ಗಂಗಾವತಿ ಎಲ್ಲಿ!

ನಾನು: ದೂರ ಯಾಕೆ ಅಕ್ಕ, ಬಳ್ಳಾರಿ ಜಾಲಿ ನೋಡು. 1870ರ ದಶಕದಲ್ಲಿ ಉರುವಲಿಗೆ ಅಂತ ಈ ದೇಶಕ್ಕೆ ತಂದ ಅಮೆರಿಕ ಖಂಡದ ಮರ. ಈಗ ಹೆಸರಲ್ಲೇ ನಮ್ಮ ಊರು ಸೇರಿದೆ, ಕೀಳಬೇಕಾದರೆ ಜೆಸಿಬಿ ಕರೆಯಬೇಕು.

ಅತ್ತೆ: ಅದೊಂದು ನೆನಪಿಸಬೇಡ, ನಮ್ಮ ಸೈಟ್ ತುಂಬ ಅದೇ.

ನಾನು: ಅತ್ತೆ, ನೀವು ಕೆಂಪೆಲೆಯದ್ದು ತನ್ನಿ. ಅದು ಬೀಜ ಕಟ್ಟುವುದು ತೀರಾ ಅಪರೂಪ, ಬುಡ ಸೀಳಿಯೇ ಹೆಚ್ಚಿಸಬೇಕು. ಬಳ್ಳಾರಿ ಬಿಸಿಲೆಂದರೆ ಅದಕ್ಕೆ ಹಬ್ಬ, ನೆರಳಾದರೆ ಬಣ್ಣ ಮಂಕು. ಎರೆ ಮಣ್ಣಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ, ಮರಳು ಕಲಸಿ ಮಡಿ ಎತ್ತರ ಮಾಡಿ. ಮೊದಲ ಬೇಸಿಗೆಗೆ ನೀರು ಬೇಕೇ ಬೇಕು, ಆ ಫಾರ್ವರ್ಡ್ ಬರೆದವನು ಗಿಡ ನೆಟ್ಟವನಲ್ಲ. ಶಿವರಾತ್ರಿ ಹೊತ್ತಿಗೆ ಗೇಣು ಬಿಟ್ಟು ಕತ್ತರಿಸಿ. ಎರಡು ಮೂರು ವರ್ಷಕ್ಕೆ ನಡುವೆ ಬೋಳಾಗುತ್ತದೆ, ಆಗ ಅಗೆದು ಹೊರಸುತ್ತಿನ ಚಿಗುರಷ್ಟೇ ನೆಡಿ.

ತಮ್ಮ: ಹಾವಿನ ವಿಷಯ?

ನಾನು: ದಟ್ಟ ಬುಡದಲ್ಲಿ ಇಲಿ ಸೇರುತ್ತದೆ. ಇಲಿ ಹಿಂದೆ ಯಾರು ಬರುತ್ತಾರೆ ನೀನೇ ಹೇಳು.

ಕಾಕಾ: ಹಾಗಾದರೆ ಕಾಲುವೆ ಪಕ್ಕದ ಹೊಲಕ್ಕೆ ಏನು ಹಾಕಲಿ? ಪ್ರತಿ ಮಳೆಗೂ ಬದು ಕೊಚ್ಚಿ ಹೋಗುತ್ತದೆ.

ನಾನು: ಅಲ್ಲಿಗೆ ನಿಜವಾದ ಲಾವಂಚವೇ ಸರಿ. ಗುಂಡ್ಲುಪೇಟೆ ಕಡೆ ರೈತರು ಹಿಂದಿನಿಂದಲೂ ಬದುವಿಗೆ ಹಾಕುತ್ತಾ ಬಂದಿದ್ದಾರೆ. ನಮ್ಮ ದಕ್ಷಿಣದ ತಳಿ ಬೀಜದಿಂದ ಹರಡಲ್ಲ. ಬೇರು ಬೆಳೆಯ ಕಡೆ ಹೋಗದೆ ನೆಟ್ಟಗೆ ಕೆಳಗೆ ಇಳಿಯುತ್ತದೆ, 3 ಮೀಟರ್ ತನಕ. ಮುಂಗಾರು ಹಿಡಿದ ಮೇಲೆ 15 ಸೆಂಟಿಮೀಟರಿಗೆ ಒಂದು ಚಿಗುರು ನೆಡಿ. ಕೊಳ್ಳುವ ಮೊದಲು ಮೂಸಿ ಮಾತ್ರ ನೋಡಿ.

ಕಾಕಾ: ಆಯ್ತು. ತೆನೆ ಎಲ್ಲ ಕೊಯ್ದು ಚೀಲಕ್ಕೆ ತುಂಬಿದೆ. ಬುಡ ನಾಳೆ ತೆಗೆಸುತ್ತೇನೆ.

(ಈ ಸಂದೇಶವನ್ನು ಅಳಿಸಲಾಗಿದೆ)

ಕಾಕಾ: ಇನ್ನೂ ನಾಲ್ಕು ಗುಂಪಿಗೆ ಕಳಿಸಿದ್ದೆ. ಒಂದು ಬೀಗರದ್ದು. ಅವರು ಆಗಲೇ ಎರಡು ಬುಡ ಒಯ್ದಿದ್ದಾರೆ, ಏನಂತ ಬರೆಯಲಿ?