ಅಪ್‌ಡೇಟ್: ಬಾತು ಮರಿಗಳ ಕಾಲು ಸರಿಯಾಯಿತು, ಕೊರತೆ ಇದ್ದದ್ದು ನಯಾಸಿನ್ (ವಿಟಮಿನ್ ಬಿ3)

ನಾಟಿ ಕೋಳಿ ಮರಿಗಳ ಜೊತೆ ಒಂದೇ ಗೂಡಲ್ಲಿದ್ದ ಬಾತು ಮರಿಗಳು ಕಾಲು ಬಾಗಿಸಿ ಕುಂಟುತ್ತಿವೆ, ಕೋಳಿ ಮರಿಗಳು ಮಾತ್ರ ಚೆನ್ನಾಗಿವೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಎಲ್ಲವೂ ಓಡಾಡುತ್ತಿವೆ.

ಕೆಲಸ ಮಾಡಿದ್ದು ಬ್ರೂವರ್ಸ್ ಯೀಸ್ಟ್ (ನಯಾಸಿನ್ ಹೆಚ್ಚಿರುವ ಒಣ ಯೀಸ್ಟ್ ಪುಡಿ) ಕೊಡಿ ಎಂಬ ಸಲಹೆ. ಹೇಳಿದವರಿಗೆ ತುಂಬಾ ಧನ್ಯವಾದ. ಒಂದು ಕಿಲೋ ಚಿಕ್ ಸ್ಟಾರ್ಟರ್‌ಗೆ (ಕೋಳಿ ಮರಿಗಳ ಮೊದಲ ಹಂತದ ಸಿದ್ಧ ಆಹಾರ) 50ರಿಂದ 75 ಗ್ರಾಂ ಪುಡಿ. ಒಣ ಆಹಾರದಲ್ಲಿ ಪುಡಿ ತಳಕ್ಕಿಳಿದು ಉಳಿದುಬಿಡುತ್ತದೆ, ಹಾಗಾಗಿ ಸ್ವಲ್ಪ ನೀರು ಚಿಮುಕಿಸಿ ಕಲಸಿ, ಆಗಲೇ ತಿನ್ನಿಸಬೇಕು. ಬಾತು ಮರಿಗೆ ಕಿಲೋ ಆಹಾರದಲ್ಲಿ ಸುಮಾರು 55 ಮಿಲಿಗ್ರಾಂ ನಯಾಸಿನ್ ಬೇಕು. ಕೋಳಿ ಮರಿಗೆ 35ರಷ್ಟು ಸಾಕು. ಮೆಕ್ಕೆಜೋಳದಲ್ಲಿರುವ ನಯಾಸಿನ್ ಬಹುಪಾಲು ಜೀರ್ಣವಾಗದ ರೂಪದಲ್ಲಿರುತ್ತದೆ ಅನ್ನೋದು ಹೊಸದಾಗಿ ತಿಳಿದ ವಿಷಯ.

ಮೊದಲು ಕೊಟ್ಟಿದ್ದ ಕ್ಯಾಲ್ಸಿಯಂ ದ್ರವದಿಂದ ಏನೂ ಆಗಲಿಲ್ಲ. ಅದು ಹೆಚ್ಚಾದರೆ ಮರಿಗಳ ಮೂತ್ರಪಿಂಡಕ್ಕೇ ಪೆಟ್ಟು, ದಯವಿಟ್ಟು ಅಂದಾಜಿನಲ್ಲಿ ಹಾಕಬೇಡಿ. ಕಡಲೆಕಾಯಿ ಹಿಂಡಿ ಕೊಡಿ ಎಂಬ ಇನ್ನೊಂದು ಸಲಹೆಯನ್ನು ಪ್ರಯತ್ನಿಸಲಿಲ್ಲ. ಅದರಲ್ಲಿ ನಯಾಸಿನ್ ಇದೆ ನಿಜ, ಆದರೆ ಬೂಷ್ಟು ಹಿಡಿದ ಹಿಂಡಿಯ ಅಫ್ಲಾಟಾಕ್ಸಿನ್ (ಬೂಷ್ಟು ಉಂಟುಮಾಡುವ ವಿಷ) ಕೋಳಿಗಿಂತ ಬಾತು ಮರಿಗಳನ್ನು ಬೇಗ ಕೊಲ್ಲುತ್ತದೆ. ಬೂಷ್ಟು ಕಣ್ಣಿಗೆ ಕಾಣದಿದ್ದರೂ ವಿಷ ಇರಬಹುದು.

ಗೂಡನ್ನೂ ಬೇರೆ ಮಾಡಿದ್ದೇನೆ. ಬಾತುಗಳು ನೀರು ಚೆಲ್ಲಿ ಭತ್ತದ ಹೊಟ್ಟನ್ನು ಒದ್ದೆ ಮಾಡುತ್ತವೆ, ಒದ್ದೆ ಹಾಸಿನಲ್ಲಿ ಕೋಳಿ ಮರಿಗಳಿಗೆ ರಕ್ತಭೇದಿ ಬೇಗ ಹರಡುತ್ತದೆ. ಒಟ್ಟಿಗೇ ಇಡಲೇಬೇಕಾದರೆ ನೀರಿನ ಪಾತ್ರೆಯನ್ನು ತಂತಿಬಲೆ ಹೊದಿಸಿದ ಟ್ರೇ ಮೇಲಿಡಿ. ಬಾತಿನ ಮೂಗಿನ ಹೊಳ್ಳೆ ಮುಳುಗುವಷ್ಟು ಆಳವಿರಲಿ.

ಹಿಮ್ಮಡಿಯ ಗಂಟು ಊದಿಕೊಂಡು ತಿರುಚಿಹೋದ ಮೇಲೆ ಯೀಸ್ಟ್ ಕೊಟ್ಟರೂ ಕಾಲು ನೆಟ್ಟಗಾಗುವುದು ಕಷ್ಟ. ಮೊದಲ ಕುಂಟು ಕಂಡ ದಿನವೇ ಶುರು ಮಾಡಿ.