ಜಾವಾ ಡೆಸ್ಕ್‌ಟಾಪ್ ತಂತ್ರಾಂಶಕ್ಕೆ ಯಾವ ಟೂಲ್‌ಕಿಟ್? ಅನುಭವಸ್ಥರು ತಿಳಿಸಿ

ಪ್ರಶ್ನೆ (ಉಡುಪಿ): ಸಹಕಾರಿ ಸಂಘವೊಂದರ ಲೆಕ್ಕಪತ್ರಕ್ಕಾಗಿ ಜಾವಾದಲ್ಲಿ ಡೆಸ್ಕ್‌ಟಾಪ್ ತಂತ್ರಾಂಶ ಸಿದ್ಧಪಡಿಸುತ್ತಿದ್ದೇನೆ. ಪರದೆಗಳೆಲ್ಲ ಕನ್ನಡದಲ್ಲಿರಬೇಕು. ಪರದೆ, ಗುಂಡಿಗಳನ್ನು ಕಟ್ಟುವ ಟೂಲ್‌ಕಿಟ್‌ಗಳಾದ ಸ್ವಿಂಗ್, ಜಾವಾಎಫ್‌ಎಕ್ಸ್, ಎಸ್‌ಡಬ್ಲ್ಯುಟಿ ಇವುಗಳಲ್ಲಿ ಯಾವುದನ್ನು ಆರಿಸಲಿ, ಜೊತೆಗಾರರನ್ನು ಹೇಗೆ ಒಪ್ಪಿಸಲಿ?

ಸುರತ್ಕಲ್: 2014ರಲ್ಲಿ ಜಾವಾ 8ರ ಜೊತೆಗೇ ಜಾವಾಎಫ್‌ಎಕ್ಸ್ ಬರುತ್ತಿತ್ತು, ಆ ಭರವಸೆಯ ಮೇಲೆ ನಮ್ಮ ಬಿಲ್ಲಿಂಗ್ ತಂತ್ರಾಂಶವನ್ನು ಪೂರ್ತಿ ಅದರಲ್ಲೇ ಕಟ್ಟಿದೆವು. 2018ರಲ್ಲಿ ಜಾವಾ 11 ಬಂದಾಗ ಅದನ್ನು ಜೆಡಿಕೆಯಿಂದ (ಜಾವಾ ಅಭಿವೃದ್ಧಿ ಕಿಟ್) ಹೊರಗಿಟ್ಟರು. ಗ್ರಾಹಕರು ಜಾವಾ ಬದಲಿಸಿದ ಕೂಡಲೇ ತಂತ್ರಾಂಶ ತೆರೆಯುವುದೇ ನಿಂತಿತು. ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ಜಾರ್ ಕಡತ (ಜಾವಾ ತಂತ್ರಾಂಶದ ಕಟ್ಟು), ಪ್ರತಿ ಯಂತ್ರದಲ್ಲೂ ಮಾಡ್ಯೂಲ್ ಪಾಥ್ (ಜಾವಾ ತನ್ನ ಭಾಗಗಳನ್ನು ಹುಡುಕುವ ಜಾಗ) ಸರಿಪಡಿಸುವ ಕೆಲಸ, ಕುಂದಾಪುರದಿಂದ ಬಂಟ್ವಾಳದವರೆಗಿನ ಓಡಾಟ, ಇವೆಲ್ಲದರ ಖರ್ಚನ್ನೂ ನಾವೇ ಭರಿಸಿದೆವು. ಆದರೂ ಅದನ್ನು ಬಿಡಲಿಲ್ಲ. ಈಗ ಜೆಪ್ಯಾಕೇಜ್ ಸಾಧನ ಬಳಸಿ, ತಂತ್ರಾಂಶ ಓಡಲು ಬೇಕಾದ ಜಾವಾ ರನ್‌ಟೈಮನ್ನೂ ಸೇರಿಸಿ, ಪ್ರತಿ ಕಾರ್ಯಾಚರಣ ವ್ಯವಸ್ಥೆಗೂ ಒಂದೊಂದು ಇನ್‌ಸ್ಟಾಲರ್ ಕೊಡುತ್ತೇವೆ. ಸಿಎಸ್‌ಎಸ್ ಮೂಲಕ ಪರದೆಯ ರೂಪ ತಿದ್ದುವ ಅನುಕೂಲ ಸ್ವಿಂಗ್‌ನಲ್ಲಿ ಎಲ್ಲಿದೆ?

ಕದ್ರಿ: 1998ರಲ್ಲಿ ಜೆಡಿಕೆ 1.2ರೊಂದಿಗೆ ಬಂದ ಸ್ವಿಂಗ್ ಇಂದಿಗೂ ಜೆಡಿಕೆಯ ಒಳಗೇ ಇದೆ. ನನ್ನ ಗ್ರಾಹಕರ ಮನೆಬಾಗಿಲಿಗೆ ನಾನು ಓಡಬೇಕಾಗಿ ಬಂದಿಲ್ಲ. ರೂಪ ಹಳತೆನ್ನುವವರು ಸ್ವಿಂಗ್‌ಗೆ ಹೊಸ ನೋಟ ಕೊಡುವ ಫ್ಲಾಟ್‌ಲಾಫ್ ಹಾಕಿ ನೋಡಲಿ. ಜಾವಾ 9ರಿಂದ ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಎಂಬ ಲೈಬ್ರರಿ ಬಳಕೆಯಾಗುತ್ತಿದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ತಂತ್ರಾಂಶದೊಳಗೇ ಇಟ್ಟಿರುವುದರಿಂದ ನಮ್ಮ ರಸೀದಿಗಳಲ್ಲಿ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ಡೇಟಾಬೇಸ್ ಕೆಲಸವನ್ನು ಹಿನ್ನೆಲೆಯಲ್ಲಿ ನಡೆಸುವ ಸ್ವಿಂಗ್‌ವರ್ಕರ್‌ಗೆ ಒಪ್ಪಿಸದೆ ಬಟನ್ನಿನ ಲಿಸನರ್‌ನಲ್ಲೇ (ಬಟನ್ ಒತ್ತಿದಾಗ ಓಡುವ ಸಂಕೇತ) ಬರೆದು, ಪರದೆ ಸ್ತಬ್ಧವಾಯಿತೆಂದು ಸ್ವಿಂಗನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಣಿಪಾಲ: ಎಸ್‌ಡಬ್ಲ್ಯುಟಿಯನ್ನು ಉತ್ತರಿಸಿದವರು ಯಾರೂ ಪ್ರಸ್ತಾಪಿಸಲಿಲ್ಲ. ಪ್ರೋಗ್ರಾಂ ಬರೆಯಲು ಬಳಸುವ ಎಕ್ಲಿಪ್ಸ್ ನಿಂತಿರುವುದೇ ಅದರ ಮೇಲೆ, ಅದರ ಗುಂಡಿಗಳು ಆಯಾ ಕಾರ್ಯಾಚರಣ ವ್ಯವಸ್ಥೆಯವೇ. ಆದರೆ ಚಿತ್ರ, ಫಾಂಟುಗಳನ್ನು ಬಳಕೆ ಮುಗಿದ ಮೇಲೆ ನಾವೇ ಡಿಸ್ಪೋಸ್ (ಬಿಡುಗಡೆ) ಮಾಡಬೇಕು. ನಮ್ಮಲ್ಲಿ ಪಟ್ಟಿ ತಾಜಾಗೊಂಡಾಗಲೆಲ್ಲ ಹೊಸ ಚಿತ್ರಗಳು ಸೃಷ್ಟಿಯಾಗಿ ಉಳಿದುಬಿಡುತ್ತಿದ್ದವು. ವಿಂಡೋಸ್ ಒಂದು ಪ್ರಕ್ರಿಯೆಗೆ ಸಾಮಾನ್ಯವಾಗಿ ಕೊಡುವ 10,000 ಜಿಡಿಐ ಹ್ಯಾಂಡಲ್‌ಗಳು (ಚಿತ್ರ, ಫಾಂಟುಗಳಿಗೆ ವಿಂಡೋಸ್ ಕೊಡುವ ಗುರುತುಗಳು) ಸಂಜೆಯೊಳಗೆ ಮುಗಿದು, ದಿನದ ಲೆಕ್ಕ ಮುಚ್ಚುವ ಹೊತ್ತಿಗೇ ತಂತ್ರಾಂಶ ಕುಸಿಯುತ್ತಿತ್ತು.

ಕದ್ರಿ: ಜಾವಾಎಫ್‌ಎಕ್ಸ್ ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿಯದು. ಸಂಘಕ್ಕೆ ಮಾರುವ ತಂತ್ರಾಂಶದ ಮೂಲಸಂಕೇತವನ್ನೂ ಬಹಿರಂಗಪಡಿಸಬೇಕಾದೀತು, ಪ್ರಶ್ನೆ ಕೇಳಿದವರು ಎಚ್ಚರವಹಿಸಲಿ.

ಸುರತ್ಕಲ್: ಅರ್ಧ ಓದಿ ಹೆದರಿಸಬೇಡಿ. ಅದಕ್ಕೆ ಕ್ಲಾಸ್‌ಪಾತ್ ವಿನಾಯಿತಿ ಇದೆ, ಅಂದರೆ ಅದನ್ನು ಜೋಡಿಸಿ ಬಳಸಿದ ನಮ್ಮ ಸಂಕೇತವನ್ನು ಬಹಿರಂಗಪಡಿಸಬೇಕಿಲ್ಲ. ಜೆಡಿಕೆಯ ಮುಕ್ತ ರೂಪವಾದ ಓಪನ್‌ಜೆಡಿಕೆಗೂ ಇರುವುದು ಅದೇ ಪರವಾನಗಿ. ಆ ತರ್ಕ ಹಿಡಿದರೆ ನಿಮ್ಮ ಸ್ವಿಂಗ್ ತಂತ್ರಾಂಶವನ್ನೂ ಬಹಿರಂಗಪಡಿಸಬೇಕಾಗುತ್ತದೆ.

ಕದ್ರಿ: ಪರವಾನಗಿ ಹೇಗಾದರೂ ಇರಲಿ, ಜೆಡಿಕೆಯಿಂದ ಹೊರಬಿದ್ದ ಟೂಲ್‌ಕಿಟ್ಟನ್ನು ಹೊಸಬರಿಗೆ ಪ್ರಚಾರ ಮಾಡುವಾಗ ಆ ಸಂಗತಿಯನ್ನು ಮೊದಲ ಸಾಲಿನಲ್ಲೇ ಹೇಳಬೇಕು.

ಸುರತ್ಕಲ್: ನನ್ನ ಉತ್ತರದ ಎರಡನೆಯ ವಾಕ್ಯದಲ್ಲೇ ಅದನ್ನು ಹೇಳಿದ್ದೇನೆ, ದಯವಿಟ್ಟು ಓದಿ.